ಅಳತೆಯನ್ನರಿತ ಮನೆ: ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಕಾಯಕವೂ ತೃಪ್ತಿಯೂ

ಶರಣರ ಕಾಯಕತತ್ತ್ವವನ್ನು ಕುರಿತು ಕನ್ನಡದಲ್ಲಿ ವಿಪುಲವಾದ ಬರವಣಿಗೆ ನಡೆದಿದೆ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಂದಿನಿಂದ ಈ ತತ್ತ್ವವನ್ನು ಧರ್ಮದ ದೃಷ್ಟಿಯಿಂದ, ಸಮಾಜದ ದೃಷ್ಟಿಯಿಂದ, ಅರ್ಥಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದ ವಿದ್ವಾಂಸರು ಹಲವರು. ದುಡಿಮೆಯಲ್ಲಿ ಮೇಲುಕೀಳಿಲ್ಲ, ದುಡಿಯದೆ ಉಣ್ಣುವ ಅಧಿಕಾರ ಯಾರಿಗೂ ಇಲ್ಲ, ದುಡಿಮೆಯ ಫಲ ದಾಸೋಹಕ್ಕೆ ಸಲ್ಲತಕ್ಕದ್ದು ಎಂಬ ಮೂರು ಮಾತುಗಳು ಈ ವಿವೇಚನೆಯ ಫಲವಾಗಿ ನಮ್ಮಲ್ಲಿ ನೆಲೆಗೊಂಡಿವೆ. ಆದರೆ ಈ ಬರವಣಿಗೆಯಲ್ಲಿ ಕಾಯಕ ನಡೆಯುವ ಸ್ಥಳವೆಂದರೆ ಬಹುಮಟ್ಟಿಗೆ ಬೀದಿ, ಅಂಗಡಿ, ಹೊಲ, ಇಲ್ಲವೆ ಬಿಜ್ಜಳನ ಭಂಡಾರ. ದುಡಿದವನು ಸಂಜೆ ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಆತನ ಕಾಯಕದ ಗತಿಯೇನು, ಅದರ ಫಲವನ್ನು ಮನೆಯಲ್ಲಿ ಯಾರು ಬರಮಾಡಿಕೊಳ್ಳುತ್ತಾರೆ, ಇಷ್ಟು ಸಾಕೆಂದು ಯಾರು ನಿರ್ಣಯಿಸುತ್ತಾರೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದುಡಿಮೆಯಲ್ಲಿ ತೃಪ್ತಿ ಎಂಬುದೊಂದು ಉಂಟಾದರೆ ಅದು ನೆಲೆಗೊಳ್ಳಬೇಕಾದ ಎಡೆ ಮನೆ. ಆದುದರಿಂದ ಈ ಪ್ರಶ್ನೆಗಳನ್ನು ಗೌಣವೆಂದು ಬಿಡಲಾಗದು. ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಇವನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಕ್ಕಮ್ಮ ಮತ್ತು ಆಕೆಯ ಪತಿ ಮಾರಯ್ಯ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಭಕ್ತರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಇವರ ಕಾಯಕ; ಹೆಸರಿನ ಹಿಂದಿನ ವಿಶೇಷಣ ಬಂದುದು ಅದರಿಂದಲೇ. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಲಕ್ಕಮ್ಮನ ಹೆಸರಿನಲ್ಲಿ ನಮಗೆ ದೊರೆತಿರುವ ವಚನಗಳು 25 ಮಾತ್ರ. 1993ರಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟಗಳಲ್ಲಿ ಶಿವಶರಣೆಯರಿಗಾಗಿ ಮೀಸಲಾದ ಸಂಪುಟದಲ್ಲಿ ಅವು ಸೇರಿವೆ. ಸಂಖ್ಯೆ ಸ್ವಲ್ಪವೆಂದು ತೋರಿದರೂ ಕಾಯಕದ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತನಾಡಿದ ವಚನಕಾರರು ವಿರಳ.

ಗೂಳೂರು ಸಿದ್ಧವೀರಣಾರ್ಯನ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬಂದಿದೆ. ಕಥೆಯ ಸಾರ ವಾಚಕರಿಗೆ ಪರಿಚಿತವಾದುದೇ. ಮಾರಯ್ಯ ಒಮ್ಮೆ ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕದ ವೇಳೆಯನ್ನು ಮೀರುತ್ತಾನೆ. ಲಕ್ಕಮ್ಮ ಬಂದು ಕಾಯಕ ನಿಂತುಹೋಗಿದೆಯೆಂದು ನೆನಪಿಸುತ್ತಾಳೆ. ಮಾರಯ್ಯ ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತರುತ್ತಾನೆ. ಲಕ್ಕಮ್ಮ ಅದನ್ನು ಒಪ್ಪುವುದಿಲ್ಲ. ಆಸೆ ಅರಸರಿಗೆ ಇರತಕ್ಕದ್ದು, ಶಿವಭಕ್ತರಿಗೆ ಅದು ಸಲ್ಲದೆಂದು ಹೇಳಿ, ಹೆಚ್ಚಾದುದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ವಿಧಿಸುತ್ತಾಳೆ. ಅನಂತರ ನಿತ್ಯದ ಅಳತೆಯ ಅಕ್ಕಿಯಿಂದಲೇ ಅಡಿಗೆ ಮಾಡಿ ಕಲ್ಯಾಣದ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನು ತೃಪ್ತಿಪಡಿಸಿದಳೆಂಬುದು ಪವಾಡದ ಭಾಗ.

ಇಲ್ಲಿ ವಿಮರ್ಶಕನು ಒಂದು ವಿವೇಕವನ್ನು ಉಳಿಸಿಕೊಳ್ಳಬೇಕಾಗುತ್ತದೆ. ವಚನಗಳು 12ನೆಯ ಶತಮಾನದ ಶರಣರವು. ಅವನ್ನು ಸಂವಾದದ ಸೂತ್ರದಲ್ಲಿ ಪೋಣಿಸಿದ ಶೂನ್ಯಸಂಪಾದನೆಗಳು 15ನೆಯ ಶತಮಾನದಿಂದ ಈಚಿನವು. ಕಥೆಯ ಚೌಕಟ್ಟನ್ನು ಪಕ್ಕಕ್ಕಿಟ್ಟು ವಚನಗಳನ್ನಷ್ಟೇ ಓದಿದರೂ ಎರಡು ಸಂಗತಿಗಳು ನಿಸ್ಸಂದೇಹವಾಗಿ ಉಳಿಯುತ್ತವೆ. ಲಕ್ಕಮ್ಮ ಒಂದು ವಚನದಲ್ಲಿ ಪತಿಯನ್ನು ಕಾಯಕಕ್ಕೆ ಬೇಗ ಹೋಗೆಂದು ಎಬ್ಬಿಸುತ್ತಾಳೆ; ಇನ್ನೊಂದರಲ್ಲಿ ಆತ ತಂದ ಹೆಚ್ಚಿನದನ್ನು ನಿರಾಕರಿಸುತ್ತಾಳೆ. ಪವಾಡವನ್ನು ನಂಬುವವರಿಗೂ ನಂಬದವರಿಗೂ ಈ ಎರಡು ಮಾತುಗಳು ಸಮಾನವಾದ ಆಧಾರ.

ನಮ್ಮ ವ್ಯಾಖ್ಯಾನಕಾರರು ಈ ಎರಡನ್ನೂ ಹೊಗಳಿದ್ದಾರೆ. ಆದರೆ ಬೇರೆಬೇರೆಯಾಗಿ ಹೊಗಳಿದ್ದಾರೆ. ಕಾಯಕನಿಷ್ಠೆಯ ಪ್ರಕರಣದಲ್ಲಿ ಮೊದಲನೆಯದು ಉದಾಹರಣೆಯಾಗುತ್ತದೆ. ಅಪರಿಗ್ರಹದ ಪ್ರಕರಣದಲ್ಲಿ ಎರಡನೆಯದು. ಹೀಗೆ ಬೇರ್ಪಡಿಸಿದಾಗ ಮೊದಲನೆಯದು ಸೋಮಾರಿತನದ ಖಂಡನೆಯಾಗಿಯೂ ಎರಡನೆಯದು ಬಡತನದ ಪ್ರಶಂಸೆಯಾಗಿಯೂ ಕುಗ್ಗಿಬಿಡುತ್ತವೆ. ಎರಡನ್ನೂ ಒಂದೇ ಹೆಣ್ಣು, ಒಂದೇ ಮನೆಯ ಬಾಗಿಲಲ್ಲಿ ನಿಂತು ಆಡಿದಳೆಂಬುದನ್ನು ಗಮನಿಸಿದರೆ ಅವುಗಳ ಏಕಸೂತ್ರ ಕಾಣುತ್ತದೆ. ಕಾಯಕಕ್ಕೆ ಒಂದು ಅಳತೆಯಿದೆ. ಆ ಅಳತೆಗೆ ಕಡಿಮೆಯಾದರೆ ದಾಸೋಹ ನಿಲ್ಲುತ್ತದೆ. ಹೆಚ್ಚಾದರೆ ಕಾಯಕವೇ ಕೆಡುತ್ತದೆ. ಗೋಷ್ಠಿಯಲ್ಲಿ ಮೈಮರೆತ ಪತಿಯೂ ಮಡಿಲು ತುಂಬಿ ತಂದ ಪತಿಯೂ ಆಕೆಯ ದೃಷ್ಟಿಯಲ್ಲಿ ತಪ್ಪಿರುವುದು ಒಂದೇ ವಿಷಯದಲ್ಲಿ. ಅನುಭಾವದ ಆನಂದವೂ ಅಕ್ಕಿಯ ಹೆಚ್ಚಳವೂ ಅಳತೆಯನ್ನು ಮರೆಯಿಸುವ ಎರಡು ಬಗೆಗಳು. ತೃಪ್ತಿ ಎಂಬುದು ದುಡಿಮೆಯ ಕೊನೆಗೆ ತಾನಾಗಿ ಬಂದು ಸೇರುವ ಫಲವೆಂದು ಲಕ್ಕಮ್ಮ ಭಾವಿಸಿಲ್ಲ; ಅಳತೆಯನ್ನು ಪ್ರತಿದಿನ ಎಚ್ಚರದಿಂದ ಕಾಯುವುದರಿಂದ ಅದು ಉಳಿಯುತ್ತದೆ ಎಂಬುದೇ ಆಕೆಯ ವಚನಗಳ ತಿರುಳೆಂದು ನನ್ನ ಅಭಿಪ್ರಾಯ.

ಈ ಅಳತೆಯನ್ನು ಕಾಯುವವರು ಯಾರು ಎಂಬುದು ಗಮನಾರ್ಹ. ತನಗಾಗಿ ಇಂದಿಗೆಂದೂ ನಾಳೆಗೆಂದೂ ಏನನ್ನೂ ಕೂಡಿಡಲಿಲ್ಲವೆಂದು ಬಸವಣ್ಣನವರು ಆಣೆಯಿಟ್ಟು ಹೇಳಿದ ವಚನ ಪ್ರಸಿದ್ಧವಾಗಿದೆ. ಅದು ಭಂಡಾರಿಯ ಆತ್ಮಪರೀಕ್ಷೆ; ಸಾರ್ವಜನಿಕ ಜವಾಬ್ದಾರಿ ಹೊತ್ತವನು ತನ್ನ ಬಗೆಗೆ ತಾನೇ ಕೊಟ್ಟುಕೊಂಡ ಸಾಕ್ಷ್ಯ. ಲಕ್ಕಮ್ಮನ ಸ್ಥಾನ ಬೇರೆ. ಆಕೆ ತೂಗುತ್ತಿರುವುದು ಇನ್ನೊಬ್ಬರು ಹೊತ್ತು ತಂದ ಹೊರೆಯನ್ನು. ಕಡಿಮೆ ತಂದ ಪತಿಯನ್ನು ಆಕ್ಷೇಪಿಸುವ ಗೃಹಿಣಿ ಲೋಕದಲ್ಲಿ ಅಪರೂಪವಲ್ಲ. ಹೆಚ್ಚು ತಂದವನನ್ನು ಹಿಂದಕ್ಕೆ ಕಳುಹಿಸುವವಳು ಅಪರೂಪ. ಮನೆಗೆ ಬರುವುದು ಹೇಗೆ ಬಂತು, ಎಷ್ಟು ಬಂತು ಎಂದು ಕೇಳುವ ಅಧಿಕಾರವನ್ನು ಆಕೆ ಯಾರಿಂದಲೂ ಬೇಡಿ ಪಡೆದಿಲ್ಲ. ಅದು ತನಗೆ ಸಹಜವಾಗಿ ಇದೆಯೆಂಬಂತೆ ಮಾತನಾಡುತ್ತಾಳೆ. ಮಾರಯ್ಯನೂ ಅದನ್ನು ಪ್ರಶ್ನಿಸುವುದಿಲ್ಲ. ಅಂಕಿತದಲ್ಲಿ ಪತಿಯ ಹೆಸರನ್ನು ಮುಂದಿಟ್ಟುಕೊಂಡವಳು ವಚನದೊಳಗೆ ಆತನನ್ನೇ ತಿದ್ದುತ್ತಾಳೆ ಎಂಬ ಈ ಸ್ವಾರಸ್ಯವನ್ನು ಕೇವಲ ಪಾತಿವ್ರತ್ಯದ ಚೌಕಟ್ಟಿನಲ್ಲಿಟ್ಟು ವಿವರಿಸುವುದು ಅಸಾಧ್ಯ.

ಅಳತೆಯ ಈ ಪ್ರಜ್ಞೆ ಲಕ್ಕಮ್ಮನೊಬ್ಬಳದೇ ಅಲ್ಲ. ಶಂಭುಜಕ್ಕೇಶ್ವರ ಅಂಕಿತದ ಸತ್ಯಕ್ಕ ತನ್ನೊಂದು ವಚನದಲ್ಲಿ ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ ದಾರಿಯಲ್ಲಿ ಹೊನ್ನು ವಸ್ತ್ರಗಳು ಬಿದ್ದಿದ್ದರೂ ಮುಟ್ಟುವುದಿಲ್ಲವೆಂದೂ ಆಣೆಯಿಡುತ್ತಾಳೆ. ಮೇಲುನೋಟಕ್ಕೆ ಇದು ಲಕ್ಕಮ್ಮನ ಮನೆಯ ಕಾಯಕಕ್ಕೆ ವಿರುದ್ಧವಾಗಿ ತೋರಬಹುದು. ಒಬ್ಬಳು ಬಿದ್ದುದನ್ನು ಮುಟ್ಟುವುದಿಲ್ಲವೆನ್ನುತ್ತಾಳೆ. ಇನ್ನೊಬ್ಬಳ ಸಂಸಾರ ನಡೆಯುವುದೇ ಬಿದ್ದುದನ್ನು ಆಯ್ದು. ವಿಚಾರಮಾಡಿದರೆ ವಿರೋಧವಿಲ್ಲ. ದಾರಿಯಲ್ಲಿ ಬಿದ್ದ ಹೊನ್ನಿಗೆ ಕಳೆದುಕೊಂಡ ಒಡೆಯನೊಬ್ಬನಿರುತ್ತಾನೆ. ಅದನ್ನು ಎತ್ತಿದ ಕೈ ದುಡಿದ ಕೈಯಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಯಾರೂ ತಮ್ಮದೆಂದು ಅರಸಿ ಬರುವುದಿಲ್ಲ. ಬಗ್ಗಿ ಒಂದೊಂದೇ ಕಾಳನ್ನು ಮಣ್ಣಿನಿಂದ ಬಿಡಿಸಿ ತೆಗೆಯುವ ಶ್ರಮವೇ ಅದನ್ನು ಆಯ್ದವನ ಹಕ್ಕಿಗೆ ಒಳಪಡಿಸುತ್ತದೆ. ಆದರೆ ಅದೇ ಅಕ್ಕಿ ನಿತ್ಯದ ಮಿತಿಯನ್ನು ಮೀರಿದ ಕ್ಷಣದಲ್ಲಿ ದಾರಿಯ ಹೊನ್ನಿನ ಸಮಾನವಾಗುತ್ತದೆ. ಸತ್ಯಕ್ಕ ಬೀದಿಯಲ್ಲಿ ಎಳೆದ ಗೆರೆಯನ್ನೇ ಲಕ್ಕಮ್ಮ ಮನೆಯ ಹೊಸ್ತಿಲಲ್ಲಿ ಎಳೆದಿದ್ದಾಳೆ.

ಇದುವರೆಗೆ ಹೇಳಿದುದು ದುಡಿಮೆಯ ಫಲದ ಅಳತೆ. ದುಡಿಮೆಯ ಒಳಗೂ ಒಂದು ಅಳತೆಯಿದೆ. ಅದನ್ನು ಕನ್ನಡದಲ್ಲಿ ‘ಹದ’ ಎನ್ನುತ್ತೇವೆ. ಈ ಮಾತಿಗೆ ಕೊಟ್ಟಣದ ಸೋಮಮ್ಮ ಸಾಕ್ಷಿ. ಭತ್ತ ಕುಟ್ಟುವ ಕಾಯಕದ ಈ ಶರಣೆಯ ಒಂದೇ ಒಂದು ವಚನ ನಮಗೆ ಉಳಿದಿದೆ. ಹದ ತಪ್ಪಿ ಒನಕೆ ಹಾಕಿದರೆ ಅಕ್ಕಿಯಾಗದೆ ನುಚ್ಚಾಗುವುದೆಂಬ ತನ್ನ ಕೈಯನುಭವದಿಂದಲೇ ಆಕೆ ವ್ರತಗೇಡಿಗಳ ವಿಷಯಕ್ಕೆ ಹೋಗುತ್ತಾಳೆ. ಕುಟ್ಟಿದವರಿಗಷ್ಟೇ ತಿಳಿಯುವ ಸಂಗತಿ ಇದು. ಭತ್ತದ ಒಣಗು ಎಷ್ಟು, ಪೆಟ್ಟಿನ ಭಾರ ಎಷ್ಟು, ನಿಲ್ಲಿಸಬೇಕಾದ ಗಳಿಗೆ ಯಾವುದು ಎಂಬ ತಿಳಿವಳಿಕೆ ತೋಳಿನಲ್ಲಿಯೂ ಕಿವಿಯಲ್ಲಿಯೂ ಇರುತ್ತದೆ. ಬಲವನ್ನೆಲ್ಲ ಹಾಕಿದವಳು ಒಳ್ಳೆಯ ಕಾಯಕದವಳಲ್ಲ, ತಕ್ಕಷ್ಟು ಹಾಕಿದವಳು. ಹೀಗೆಯೇ ಕದಿರೆ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಅಡಿಹಲಗೆ, ತೋರಣ, ಬೊಂಬೆಗಳಲ್ಲಿ ತ್ರಿಮೂರ್ತಿಗಳನ್ನು ಕಾಣುತ್ತಾಳೆ. ಇದನ್ನು ರೂಪಕದ ಚಮತ್ಕಾರವೆಂದು ಗ್ರಹಿಸಿದರೆ ಸಾಲದು. ದಿನವೆಲ್ಲ ಒಂದೇ ಉಪಕರಣದ ಮುಂದೆ ಕುಳಿತವಳಿಗೆ ಅದು ಬೇಸರದ ವಸ್ತುವಾಗದೆ ಚಿಂತನೆಯ ವಸ್ತುವಾದುದು ಹೇಗೆ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ನೂಲು ಹದವಾಗಿ ಬರಬೇಕಾದರೆ ಮನಸ್ಸು ಕೈಯನ್ನು ಬಿಟ್ಟು ಹೋಗಬಾರದು. ಮನಸ್ಸು ಕೈಯಲ್ಲಿಯೇ ನಿಂತಾಗ ರಾಟೆ ಶಾಸ್ತ್ರಗ್ರಂಥವಾಗುತ್ತದೆ. ದುಡಿಮೆಯಲ್ಲಿ ದೊರೆಯುವ ತೃಪ್ತಿಯ ಮೊದಲ ಮೂಲ ಈ ಹದವೇ. ಹದವು ಕೆಲಸದ ಒಳಗಿನ ಅಳತೆ. ಲಕ್ಕಮ್ಮ ಕಾಯುವುದು ಕೆಲಸದ ಹೊರಗಿನ ಅಳತೆ. ಇವೆರಡರಲ್ಲಿ ಒಂದು ತಪ್ಪಿದರೂ ದುಡಿಮೆ ಕೇವಲ ದಣಿವಾಗಿ ಉಳಿಯುತ್ತದೆ.

ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ಪ್ರಸಂಗ ಇದಕ್ಕೆ ಪೂರಕವಾಗಿದೆ. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿ ಬದುಕಿದ ದಂಪತಿಗಳೆಂದು ಪರಂಪರೆ ಇವರನ್ನು ಸ್ಮರಿಸುತ್ತದೆ. ಕೊನೆಗಾಲದಲ್ಲಿ ಮಾರಯ್ಯ ಕೈಲಾಸದ ಮಾತನ್ನೆತ್ತಿದಾಗ ಮಹಾದೇವಿ ಆತನನ್ನು ತಡೆದು, ಇಲ್ಲಿ ಇಲ್ಲದ ಕೈಲಾಸ ಬೇರೆಲ್ಲಿಯೋ ಇರುವುದೆಂಬ ಭಾವನೆಯೇ ಭ್ರಾಂತಿಯೆಂದು ತಿಳಿಹೇಳುತ್ತಾಳೆ. ಲಕ್ಕಮ್ಮ ಅಕ್ಕಿಯ ಆಸೆಗೆ ಹಾಕಿದ ಕಟ್ಟನ್ನು ಮಹಾದೇವಿ ಪರಲೋಕದ ಆಸೆಗೆ ಹಾಕಿದ್ದಾಳೆ. ಇಬ್ಬರೂ ಪತಿಯನ್ನು ಮರಳಿ ಕರೆತರುವುದು ಒಂದೇ ಎಡೆಗೆ: ಇಂದಿನ ದಿನಕ್ಕೆ, ಇಂದಿನ ಹೊರೆಗೆ, ಇಂದಿನ ಒಲೆಗೆ.

ಕಾಯಕವನ್ನು ಕೈಲಾಸದೊಡನೆ ಸಮೀಕರಿಸುವ ಎರಡು ಪದಗಳ ನುಡಿಯ ಪ್ರಸ್ತಾಪ ಇಲ್ಲಿ ಅವಶ್ಯಕ. ಸಭೆಸಮಾರಂಭಗಳಲ್ಲಿ, ಕಚೇರಿಗಳ ಗೋಡೆಗಳ ಮೇಲೆ, ಪಠ್ಯಪುಸ್ತಕಗಳಲ್ಲಿ ಈ ನುಡಿಯನ್ನು ಬಸವಣ್ಣನವರ ಹೆಸರಿನಲ್ಲಿ ಉದ್ಧರಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ವಚನವಾಙ್ಮಯದಲ್ಲಿ ಅದು ಕಾಣಿಸಿಕೊಳ್ಳುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ದಾಕ್ಷಿಣ್ಯಕ್ಕೆ ಸಿಲುಕಬಾರದು ಎಂಬ ಕಠಿನ ನಿಯಮದ ಸಮರ್ಥನೆಗಾಗಿ ಅದು ಅಲ್ಲಿ ಬಂದಿದೆ. ಹೇಳಿದವನು ಯಾರೆಂಬುದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಅನುಭಾವಗೋಷ್ಠಿಯಲ್ಲಿ ಕಾಯಕವನ್ನು ಮರೆತು, ಹೆಂಡತಿಯಿಂದ ಎಚ್ಚರಿಸಲ್ಪಟ್ಟವನೆಂದು ಪರಂಪರೆ ಹೇಳುವ ವ್ಯಕ್ತಿಯ ಬಾಯಿಂದಲೇ ಈ ನುಡಿ ಹೊರಟಿದೆ. ಆ ಮನೆಯಿಂದ ಕಿತ್ತು ತಂದು ಗೋಡೆಯ ಮೇಲೆ ಬರೆದಾಗ ನುಡಿಯ ಅರ್ಧ ಅರ್ಥ ಹಿಂದೆ ಉಳಿಯುತ್ತದೆ. ದುಡಿ, ಇನ್ನೂ ದುಡಿ ಎಂಬ ಆಜ್ಞೆಯಾಗಿ ಮಾತ್ರ ಅದು ಕೇಳಿಸುತ್ತದೆ. ಇಷ್ಟು ಸಾಕು, ಉಳಿದುದನ್ನು ಹಿಂದಿರುಗಿಸು ಎಂಬ ಲಕ್ಕಮ್ಮನ ಧ್ವನಿ ಅಡಗಿಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ಸರಿಯಲ್ಲ. ಸಂತೃಪ್ತಿಯ ಬೋಧನೆ ಬಡವರನ್ನು ಬಡತನದಲ್ಲಿಯೇ ಇರಿಸುವ ಉಪಾಯವಾಗಬಹುದಲ್ಲವೇ? ಕೂಲಿ ಹೆಚ್ಚಿಸಿರೆಂದು ಕೇಳುವ ಶ್ರಮಿಕನಿಗೆ ಲಕ್ಕಮ್ಮನ ದೃಷ್ಟಾಂತವನ್ನು ತೋರಿಸಿ ಬಾಯಿ ಮುಚ್ಚಿಸಬಹುದಲ್ಲವೇ? ಆಕ್ಷೇಪ ನಿರಾಧಾರವಾದುದಲ್ಲ, ಇಂಥ ದುರುಪಯೋಗ ಸಾಧ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಮೂಲಕ್ಕೆ ಹೋದರೆ ಉತ್ತರ ಸ್ಪಷ್ಟವಾಗಿದೆ. ಮೊದಲನೆಯದಾಗಿ, ಅಳತೆಯನ್ನು ನಿಗದಿಮಾಡಿದವಳು ದುಡಿಯುವ ಮನೆಯವಳೇ. ಅದನ್ನು ಬಿಜ್ಜಳನ ಆಸ್ಥಾನವಾಗಲಿ ಬಸವಣ್ಣನವರ ಮಹಾಮನೆಯಾಗಲಿ ಆಕೆಯ ಮೇಲೆ ಹೇರಿದುದಲ್ಲ. ಎರಡನೆಯದಾಗಿ, ಆಸೆಯ ದೋಷವನ್ನು ಆಕೆ ಹೊರಿಸಿದುದು ಅರಸರ ಮೇಲೆ. ಸಂಗ್ರಹ ಮಾಡುವವನ ನೀತಿಯನ್ನು ಬೆಟ್ಟುಮಾಡಿ ತೋರಿಸಿದ ಮಾತನ್ನು ಸಂಗ್ರಹ ಮಾಡುವವನೇ ತನ್ನ ರಕ್ಷಣೆಗೆ ಬಳಸಿಕೊಳ್ಳುವುದು ನ್ಯಾಯವಲ್ಲ. ಮೂರನೆಯದಾಗಿ, ಲಕ್ಕಮ್ಮ ಬಡತನವನ್ನು ಹೊಗಳಿಲ್ಲ. ಮನಸ್ಸು ಶುದ್ಧವಿಲ್ಲದವನಿಗೆ ಮಾತ್ರ ದ್ರವ್ಯದ ಬಡತನ ಕಾಡುವುದೆಂದೂ ಚಿತ್ತಶುದ್ಧಿಯಿಂದ ಕಾಯಕ ಮಾಡುವ ಭಕ್ತನಿಗೆ ಸಿರಿ ಎಲ್ಲೆಡೆಯಲ್ಲಿಯೂ ಇರುವುದೆಂದೂ ಆಕೆ ಸಾರುತ್ತಾಳೆ. ತನ್ನನ್ನು ಆಕೆ ಬಡವಳೆಂದು ಎಣಿಸಿಕೊಂಡೇ ಇಲ್ಲ. ದಾಸೋಹ ನಡೆಯುತ್ತಿರುವ ಮನೆ ಬಡವರ ಮನೆಯಾಗುವುದು ಹೇಗೆ ಎಂಬುದು ಆಕೆಯ ನಿಲುವು. ದಾಸೋಹಕ್ಕೂ ಸಾಲದ ಕೂಲಿ ಲಕ್ಕಮ್ಮನ ಅಳತೆಗೆ ಕಡಿಮೆಯಾದುದು. ಅದನ್ನು ಸಹಿಸಿಕೊಳ್ಳುವಂತೆ ಆಕೆಯ ಯಾವ ವಚನವೂ ಉಪದೇಶಿಸುವುದಿಲ್ಲ.

ಇನ್ನೊಂದು ನ್ಯೂನತೆ ಇದಕ್ಕಿಂತ ಗಂಭೀರವಾದುದು. ಅದು ವಚನಗಳಿಗಿಂತ ಹೆಚ್ಚಾಗಿ ನಮ್ಮ ಪರಂಪರೆಯ ಓದಿಗೆ ಸಂಬಂಧಿಸಿದ್ದು. ನೂಲುವುದು, ಕುಟ್ಟುವುದು, ಆಯುವುದು ಇವೆಲ್ಲ ಕಾಯಕವೆಂದು ಹೆಸರು ಪಡೆದಿವೆ. ಆಯ್ದು ತಂದ ಅಕ್ಕಿಯನ್ನು ಕೇರಿ, ತೊಳೆದು, ಬೇಯಿಸಿ, ಬಡಿಸಿ, ಪಾತ್ರೆಗಳನ್ನು ಬೆಳಗುವ ಕೆಲಸಕ್ಕೆ ಮಾತ್ರ ಪ್ರತ್ಯೇಕವಾದ ಕಾಯಕನಾಮ ದೊರೆತಿಲ್ಲ. ಲಕ್ಕಮ್ಮ ಆಯ್ದಕ್ಕಿಯ ಲಕ್ಕಮ್ಮನಾದಳೇ ಹೊರತು ಅಡಿಗೆಯ ಲಕ್ಕಮ್ಮನಾಗಲಿಲ್ಲ. ಅಷ್ಟು ಮಂದಿ ಜಂಗಮರಿಗೆ ಉಣಬಡಿಸಿದ್ದು ಪವಾಡವಾಯಿತು. ಪವಾಡವಿಲ್ಲದ ದಿನಗಳಂದು ಬಡಿಸಿದ್ದು ಲೆಕ್ಕಕ್ಕೇ ಬರಲಿಲ್ಲ. ವ್ಯಾಖ್ಯಾನಕಾರರು ಅದನ್ನು ಸತಿಧರ್ಮವೆಂಬ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಪುರುಷನ ದುಡಿಮೆಯನ್ನು ಕಾಯಕವೆಂದೂ ಹೆಣ್ಣಿನ ಮನೆಗೆಲಸವನ್ನು ಧರ್ಮವೆಂದೂ ಕರೆದಾಗ ಎರಡನೆಯದಕ್ಕೆ ಗೌರವ ಹೆಚ್ಚಿದಂತೆ ತೋರಿದರೂ ಅದರ ಶ್ರಮ ಕಣ್ಮರೆಯಾಗುತ್ತದೆ. ಕಾಯಕಕ್ಕೆ ಅಳತೆಯಿದೆ, ಧರ್ಮವೆಂದು ಕರೆದುದಕ್ಕೆ ಅಳತೆಯನ್ನು ಕೇಳುವವರಿಲ್ಲ.

ಇದು ಹಳೆಯ ಕಾಲದ ಮಾತಾಗಿ ಉಳಿದಿಲ್ಲ. ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಕಾಲವಿನಿಯೋಗದ ಸಮೀಕ್ಷೆಯನ್ನು ನಡೆಸಿತು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ವಿನಿಯೋಗಿಸುತ್ತಿದ್ದರೆ, ಅದೇ ಕೆಲಸದಲ್ಲಿ ತೊಡಗಿದ ಪುರುಷರು 97 ನಿಮಿಷಗಳನ್ನು ವಿನಿಯೋಗಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಈ ಅಂಕೆಗಳು ಕ್ರಮವಾಗಿ 289 ಮತ್ತು 88. ಐದು ವರ್ಷಗಳಲ್ಲಿ ಎರಡೂ ಕಡೆ ಸ್ವಲ್ಪ ಇಳಿಕೆಯಾಗಿದ್ದರೂ ಅಂತರ ಹಾಗೆಯೇ ಉಳಿದಿದೆ. ಹೊರಗಿನ ಉದ್ಯೋಗವನ್ನೂ ಮಾಡಿ ಮನೆಗೆ ಬಂದು ಒಲೆಯ ಮುಂದೆ ನಿಲ್ಲುವ ಹೆಣ್ಣುಮಗಳ ದಿನಕ್ಕೆ ಯಾವ ಅಳತೆಯಿದೆ ಎಂದು ಕೇಳಿಕೊಂಡರೆ ನಮ್ಮ ಮನೆಗಳು ಲಕ್ಕಮ್ಮನ ಮನೆಯಿಂದ ಎಷ್ಟು ದೂರ ಬಂದಿವೆಯೆಂಬುದು ತಿಳಿಯುತ್ತದೆ. ಆಕೆಗೆ ತೃಪ್ತಿಯನ್ನು ಬೋಧಿಸುವ ಮೊದಲು ಆಕೆಯ ಕೆಲಸಕ್ಕೆ ಕಾಯಕವೆಂಬ ಹೆಸರನ್ನು ಕೊಡುವುದು, ಹೆಸರಿನೊಡನೆ ಅಳತೆಯನ್ನು ಕೊಡುವುದು, ಅಳತೆ ಮೀರಿದುದನ್ನು ಮನೆಯ ಉಳಿದವರು ಹಂಚಿಕೊಳ್ಳುವುದು ನ್ಯಾಯ. ಇದು ಪಾಶ್ಚಾತ್ಯ ವಿಚಾರದ ಅನುಕರಣೆಯೆಂದು ಶಂಕಿಸಬೇಕಾದುದಿಲ್ಲ; ಲಕ್ಕಮ್ಮನ ತತ್ತ್ವವನ್ನು ಆಕೆಯ ಅಡಿಗೆಮನೆಗೂ ಅನ್ವಯಿಸಿದರೆ ದೊರೆಯುವ ನಿರ್ಣಯ ಇದೇ.

ವಚನಗಳಲ್ಲಿಯೇ ಇದಕ್ಕೆ ಅವಕಾಶವಿದೆಯೆಂಬುದಕ್ಕೆ ಒಂದು ಸೂಚನೆಯನ್ನು ಕೊಡಬಹುದು. ನುಲಿಯ ಚಂದಯ್ಯ ಹುಲ್ಲು ಕೊಯ್ಯುತ್ತಿರುವಾಗ ಆತನ ಇಷ್ಟಲಿಂಗ ಕಳಚಿ ಬಿದ್ದರೂ ಆತ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮುಂದೆ ಲಿಂಗವೂ ಆತನ ಕಾಯಕದಲ್ಲಿ ಭಾಗಿಯಾಗಬೇಕಾಯಿತು. ಆರಾಧ್ಯನಾದ ದೈವವನ್ನೇ ದುಡಿಮೆಯಲ್ಲಿ ಪಾಲುಗೊಳ್ಳುವಂತೆ ಮಾಡಿದ ಪರಂಪರೆಗೆ, ಮನೆಯ ಯಜಮಾನನನ್ನು ಒಲೆಯ ಕೆಲಸದಲ್ಲಿ ಪಾಲುಗೊಳ್ಳುವಂತೆ ಮಾಡುವುದು ಅಸಾಧ್ಯವಾದ ಕಾರ್ಯವಾಗಬಾರದು.

ಸಾರಾಂಶವಿಷ್ಟು: ಶರಣರ ಕಾಯಕತತ್ತ್ವದಲ್ಲಿ ದುಡಿಮೆ ಮತ್ತು ತೃಪ್ತಿಗಳನ್ನು ಕೂಡಿಸುವ ಕೊಂಡಿ ಅಳತೆ. ಕೆಲಸದ ಒಳಗೆ ಅದು ಹದವಾಗಿ, ಬೀದಿಯಲ್ಲಿ ಸತ್ಯವಾಗಿ, ಮನೆಯ ಬಾಗಿಲಲ್ಲಿ ಮಿತಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಅತ್ಯಂತ ಸ್ಪಷ್ಟವಾಗಿ ನುಡಿದವಳು, ಸಿದ್ಧಾಂತಗ್ರಂಥವನ್ನು ಬರೆಯದೆ 25 ವಚನಗಳನ್ನು ಮಾತ್ರ ಉಳಿಸಿಹೋದ ಒಬ್ಬ ಗೃಹಿಣಿ. ಕಾಯಕತತ್ತ್ವದ ಮುಂದಿನ ಅಧ್ಯಯನಗಳು ಭಂಡಾರದಿಂದ ಆರಂಭವಾಗದೆ ಲಕ್ಕಮ್ಮನ ಹೊಸ್ತಿಲಿನಿಂದ ಆರಂಭವಾದರೆ, ದಾಸೋಹದ ಅನ್ನವನ್ನು ಉಂಡವರ ಸಂಖ್ಯೆಯೊಡನೆ ಅದನ್ನು ಬೇಯಿಸಿದವರ ದಿನಚರಿಯನ್ನೂ ವಿದ್ವಾಂಸರು ಗಣನೆಗೆ ತೆಗೆದುಕೊಳ್ಳುವಂತಾದೀತು. ಆ ಗಣನೆ ಆರಂಭವಾಗಬೇಕಾದ ಕಾಲ ಬಂದಿದೆ.